ಮೊದಲ ರಸೀದಿ ಹೂವಿನಜ್ಜಿಗೆ

ನಮ್ಮೂರಲ್ಲಿ ಹೊಸ ರಸೀದಿ ಪುಸ್ತಕದ ಮೊದಲ ಹಾಳೆಯನ್ನು ಯಾರಿಗೆಂದರೆ ಅವರಿಗೆ ಹರಿದು ಕೊಡುವುದಿಲ್ಲ. ಕೈಗುಣ ಇರುವವರು ಬೇಕು. ಅವರು ಕೊಟ್ಟರೆ ಮಿಕ್ಕವರೂ ಕೊಡುತ್ತಾರೆ ಅನ್ನೋದು ನಂಬಿಕೆ. ಆ ಕೈ ಬಸ್‌ಸ್ಟ್ಯಾಂಡಿನ ಹೂವಿನಜ್ಜಿಯದು. ಗಣೇಶನ ಹಬ್ಬ, ಊರಹಬ್ಬ, ಶಾಲೆ ವಾರ್ಷಿಕೋತ್ಸವ, ಏನೇ ಇರಲಿ, ಒಂದನೇ ನಂಬರ್ ರಸೀದಿ ಅವರಿಗೆ. ಹಿಂದೆ 11 ರೂಪಾಯಿ ಕೊಡುತ್ತಿದ್ದರು, ಆಮೇಲೆ 21 ಆಯಿತು, ಈಗ 51. ಹೂ ಕಟ್ಟಿ ಒದ್ದೆಯಾದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಎಲೆಅಡಿಕೆ ಚೀಲದಿಂದ ನಾಲ್ಕು ಮಡಿಕೆಯ ನೋಟು ತೆಗೆಯುತ್ತಾರೆ. ರಸೀದಿಯನ್ನು ಹೂವಿನ ಬುಟ್ಟಿ ಕೆಳಗೆ ಸಿಕ್ಕಿಸುತ್ತಾರೆ. ಸಂಜೆಯ ಹೊತ್ತಿಗೆ ಅದು ನೆನೆದು ಅಕ್ಷರವೆಲ್ಲ ಕಲಸಿಹೋಗಿರುತ್ತದೆ. ಅಜ್ಜಿಗೆ ಅದರ ಚಿಂತೆಯಿಲ್ಲ. ನಕಲು ಪುಸ್ತಕದಲ್ಲಿದೆಯಲ್ಲ.

ಎರಡನೇ ಮನೆಯಿಂದ ಬೇರೆ ಆಟ ಶುರು. ರಸೀದಿ ಪುಸ್ತಕ ಕೈಗೆ ಸಿಕ್ಕ ತಕ್ಷಣ ಯಾರೂ ಪೆನ್ನು ಕೇಳುವುದಿಲ್ಲ. ಮೊದಲು ಹಿಂದಿನ ಹಾಳೆ ತಿರುವುತ್ತಾರೆ. ಪಕ್ಕದ ಮನೆಯವರು ಎಷ್ಟು ಬರೆಸಿದರು? ದಿನಸಿ ಅಂಗಡಿಯವರು ಎಷ್ಟು? ಓಹೋ, ಅವರು 501 ಕೊಟ್ಟಿದ್ದಾರೆ, ಹಾಗಾದರೆ ನಮ್ಮದು 301 ಇರಲಿ. ಈ ಹಾಳೆ ತಿರುವುವುದಿದೆಯಲ್ಲ, ಚಂದಾ ಲೆಕ್ಕಕ್ಕೆ ಇದಕ್ಕಿಂತ ದೊಡ್ಡ ಆಡಿಟ್ ಬೇರೆ ಇಲ್ಲ. ಯಾರು ಎಷ್ಟು ಕೊಟ್ಟರು ಅನ್ನೋದು ಊರಿಗೆಲ್ಲ ಗೊತ್ತು. ಹಬ್ಬ ಮುಗಿದ ಮೇಲೆ ಖರ್ಚಿನ ಪಟ್ಟಿಯನ್ನು ಪೆಂಡಾಲಿನ ಕಂಬಕ್ಕೆ ಅಂಟಿಸುತ್ತೇವೆ. ಶಾಮಿಯಾನ ಇಷ್ಟು, ಮೈಕ್ ಸೆಟ್ಟು ಇಷ್ಟು, ಪುಳಿಯೋಗರೆಗೆ ಇಷ್ಟು. ಮೈಕ್ ಸೆಟ್ಟಿನವನಿಗೆ ಜಾಸ್ತಿ ಕೊಟ್ಟಿರಿ ಅಂತ ಒಬ್ಬರಾದರೂ ಜಗಳ ತೆಗೆಯುತ್ತಾರೆ.

ನನ್ನದು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಅರ್ಜಿ ಟೈಪ್ ಮಾಡುವುದು ಹೊಟ್ಟೆಪಾಡು. ನುಡಿ ತಂತ್ರಾಂಶದಲ್ಲಿ ಕನ್ನಡ ಕುಟ್ಟಿ ಕುಟ್ಟಿ ಬೆರಳು ಸವೆದಿವೆ. ಖಾತೆ ಬದಲಾವಣೆ, ವಂಶವೃಕ್ಷದ ಅಫಿಡವಿಟ್ಟು, ಪಹಣಿ ತಿದ್ದುಪಡಿ, ಇವುಗಳ ನಡುವೆ ತಿಂಗಳಿಗೆ ಒಂದೆರಡಾದರೂ ಸಂಘದವರು ಬರುತ್ತಾರೆ. ಯುವಕರ ಸಂಘ, ಮಹಿಳಾ ಸಂಘ, ಭಜನಾ ಮಂಡಳಿ, ಕಲಾವಿದರ ಬಳಗ. "ಸಾರ್, ಎಲ್ಲೋ ಗ್ರ್ಯಾಂಟ್ ಸಿಗುತ್ತಂತೆ, ಒಂದು ಅರ್ಜಿ ಹೊಡೆದುಕೊಡಿ" ಅನ್ನುತ್ತಾರೆ. ಎಲ್ಲಿ ಅಂದರೆ ಗೊತ್ತಿಲ್ಲ. ಯಾವುದಕ್ಕೆ ಅಂದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಅವರನ್ನು ನೋಡಿ ನಗುವ ಹಾಗಿಲ್ಲ. ನಮ್ಮೂರಿನ ಸಂಘಕ್ಕೆ ನಾನೇ ಕಾರ್ಯದರ್ಶಿ. ಹಾಲಿನ ಡೇರಿ ಬಿಟ್ಟುಹೋದ ಹಳೇ ಕೋಣೆಯಲ್ಲಿ ಒಂದು ಓದುವ ಮನೆ ನಡೆಸುತ್ತೇವೆ. ಸಂಜೆ ಐದೂವರೆಯಿಂದ ಎಂಟರವರೆಗೆ ಮಕ್ಕಳು ಬಂದು ಓದುತ್ತವೆ, ಹೋಂವರ್ಕ್ ಮಾಡುತ್ತವೆ, ಕಿತ್ತಾಡುತ್ತವೆ. ನಡೆಸುವವರು ಒಬ್ಬರು ಅಕ್ಕ. ಎಸ್ಸೆಸ್ಸೆಲ್ಸಿ ಓದಿದ್ದಾರೆ. ತಿಂಗಳಿಗೆ 5,000 ರೂಪಾಯಿ ಕೊಡುತ್ತೇವೆ. ಅದನ್ನು ಸಂಬಳ ಅನ್ನಲು ನಮಗೇ ನಾಚಿಕೆ, ಹಾಗಾಗಿ ಗೌರವಧನ ಅನ್ನುತ್ತೇವೆ. ಬಾಡಿಗೆ, ಕರೆಂಟು, ಪೇಪರು, ಮಕ್ಕಳಿಗೆ ಕಡಲೆಕಾಯಿ ಬೆಲ್ಲ ಎಲ್ಲ ಸೇರಿ ವರ್ಷಕ್ಕೆ ಒಂದೂವರೆ ಲಕ್ಷ ಬೇಕು. ಏಳು ವರ್ಷ ಇದನ್ನು ಗುಲಾಬಿ ಬಣ್ಣದ ರಸೀದಿ ಪುಸ್ತಕದಲ್ಲೇ ನಡೆಸಿದೆವು. ಕೋವಿಡ್ ಆದಮೇಲೆ ಚಂದಾ ಇಳಿಯಿತು. ಜನರ ಮನಸ್ಸು ಚಿಕ್ಕದಾಯಿತು ಅಂತಲ್ಲ, ಅವರ ಕೈಯಲ್ಲೇ ಇರಲಿಲ್ಲ. ಆಗ ನಮಗೂ ಗ್ರ್ಯಾಂಟಿನ ಆಸೆ ಹುಟ್ಟಿತು.

ಹುಡುಕಲು ಹೊರಟ ಮೇಲೆ ಮೊದಲು ಗೊತ್ತಾದದ್ದು, ಕಾಗದದ ಮೇಲೆ ನಾವು ಇಲ್ಲವೇ ಇಲ್ಲ ಅನ್ನೋದು. ಸಂಘದ ನೋಂದಣಿ ಇತ್ತು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಏಳು ಜನ ಸೇರಿ ಬೈಲಾ ಬರೆದು ನೋಂದಾಯಿಸಿದರೆ ಸಂಘ ಹುಟ್ಟುತ್ತದೆ. ಹುಟ್ಟಿಸುವುದು ಸುಲಭ, ಸಾಕುವುದು ಕಷ್ಟ. ಪ್ರತಿ ವರ್ಷ ಸರ್ವಸದಸ್ಯರ ಸಭೆ ಕರೆದು, ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರ ಸಲ್ಲಿಸಬೇಕು. ನಾವು ನಾಲ್ಕು ವರ್ಷ ಸಲ್ಲಿಸಿರಲಿಲ್ಲ. ಊರವರ ಅರ್ಜಿ ಟೈಪ್ ಮಾಡುವ ನನಗೆ ನನ್ನದೇ ಸಂಘದ ಫೈಲ್ ಬರೆಯಲು ಪುರಸೊತ್ತಿರಲಿಲ್ಲ, ನೋಡಿ. ಅಷ್ಟೇ ಅಲ್ಲ. ದುಡ್ಡು ಖಜಾಂಚಿ ಮೇಷ್ಟ್ರ ಸ್ವಂತ ಖಾತೆಯಲ್ಲಿತ್ತು. ಮೇಷ್ಟ್ರು ಒಂದು ಪೈಸೆ ಮುಟ್ಟಿದವರಲ್ಲ, ಅದು ಊರಿಗೆ ಗೊತ್ತು. ಆದರೆ ಬೆಂಗಳೂರಿನಲ್ಲಿ ಕೂತವರಿಗೆ ಮೇಷ್ಟ್ರು ಯಾರು ಅಂತ ಹೇಗೆ ಗೊತ್ತಾಗಬೇಕು? ಸಂಘದ ಹೆಸರಲ್ಲಿ ಪ್ಯಾನ್ ಕಾರ್ಡಿಲ್ಲ, ಖಾತೆಯಿಲ್ಲ. ನಡಾವಳಿ ಪುಸ್ತಕದ ಕೊನೇ ನಡಾವಳಿ ಚಹಾ ಕಲೆಯಲ್ಲಿ ಮುಳುಗಿತ್ತು.

ದಂಡ ಕಟ್ಟಿ ಬಾಕಿ ಸಲ್ಲಿಸಿದೆವು. ತುಮಕೂರಿನ ಒಬ್ಬ ಆಡಿಟರ್ ಮೇಡಂ ಕಡಿಮೆ ಫೀಸಿಗೆ ಲೆಕ್ಕ ಮಾಡಿಕೊಟ್ಟರು. ಗುಲಾಬಿ ಪುಸ್ತಕಗಳ ಕಟ್ಟು ನೋಡಿ ಅವರು ಮೊದಲು ನಕ್ಕರು. ಆಮೇಲೆ ಒಂದೊಂದೇ ತಿರುವಿ, "ಪರವಾಗಿಲ್ವೇ, ಎಲ್ಲದಕ್ಕೂ ಹೆಸರು ಊರು ಬರೆದಿದ್ದೀರಿ" ಅಂದರು. ಹೆಸರು ವಿಳಾಸವಿಲ್ಲದ ದೇಣಿಗೆ ಒಂದು ಮಿತಿ ದಾಟಿದರೆ 30 ಪರ್ಸೆಂಟ್ ತೆರಿಗೆ ಬೀಳುತ್ತದೆ ಅಂತ ಅವತ್ತೇ ನನಗೆ ತಿಳಿದದ್ದು. ಪಕ್ಕದ ಮನೆಯವರು ಎಷ್ಟು ಕೊಟ್ಟರು ಅಂತ ನೋಡುವ ಜನರಿಗೋಸ್ಕರ ಹೆಸರು ಬರೆದಿಟ್ಟಿದ್ದೆವು. ಅದು ಆದಾಯ ತೆರಿಗೆಯಲ್ಲಿ ಉಪಯೋಗಕ್ಕೆ ಬಂತು.

ಆಮೇಲೆ ಆದಾಯ ತೆರಿಗೆಯವರ ಹತ್ತಿರ ಮಾಡಿಸಬೇಕಾದ ಎರಡು ನೋಂದಣಿ, 12ಎ ಮತ್ತು 80ಜಿ. ಇವೆರಡರ ಹೆಸರು ಕೇಳದ ಸಂಘವಿಲ್ಲ, ಅರ್ಥ ಗೊತ್ತಿರುವ ಸಂಘ ಕಡಿಮೆ. 12ಎ ಇದ್ದರೆ ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ. 80ಜಿ ಇದ್ದರೆ ಕೊಟ್ಟವರಿಗೆ ವಿನಾಯಿತಿ. ಹೊಸ ಸಂಘಕ್ಕಾದರೆ ಎರಡಕ್ಕೂ ಮೊದಲು ಮೂರು ವರ್ಷದ ತಾತ್ಕಾಲಿಕ ನೋಂದಣಿ ಸಿಗುತ್ತದೆ, ಆಮೇಲೆ ಕೆಲಸ ತೋರಿಸಿ ಮತ್ತೆ ಅರ್ಜಿ ಹಾಕಬೇಕು. ಹಿಂದೆ ಒಮ್ಮೆ ಸಿಕ್ಕರೆ ಆಯಿತು, ಕಾಯಂ ಅಂದುಕೊಂಡಿದ್ದವರೂ 2021ರಿಂದ ಹೊಸದಾಗಿ ನೋಂದಾಯಿಸಿಕೊಳ್ಳಬೇಕಾಯಿತು. ಅದು ಗೊತ್ತಾಗದೆ ಸುಮ್ನೆ ಕೂತು ಕೈಸುಟ್ಟುಕೊಂಡ ಹಳೇ ಸಂಘಗಳನ್ನು ನಾನೇ ಕಂಡಿದ್ದೇನೆ. ಇನ್ನೊಂದು ಮಾತು. ಸಂಬಳದವರು ಹೊಸ ತೆರಿಗೆ ಪದ್ಧತಿಗೆ ಹೋದ ಮೇಲೆ ಅವರಿಗೆ 80ಜಿಯಿಂದ ಏನೂ ಲಾಭವಿಲ್ಲ. ಆದರೂ ಫೋನ್ ಮಾಡಿದವರೆಲ್ಲ "80ಜಿ ಇದೆಯಾ?" ಅಂತ ಕೇಳುತ್ತಾರೆ. ಅದೊಂದು ರೀತಿ ಜಾತಕ ಕೇಳಿದ ಹಾಗೆ ಆಗಿಬಿಟ್ಟಿದೆ. ಹೆಣ್ಣು ಕೊಡದಿದ್ದರೂ ಜಾತಕ ಬೇಕು.

ಇದೆಲ್ಲ ಆಗಲು ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಒಂದು ರೂಪಾಯಿ ಗ್ರ್ಯಾಂಟೂ ಬಂದಿರಲಿಲ್ಲ. ಇಪ್ಪತ್ತಾರು ಸಾವಿರ ಕೈಯಿಂದ ಹೋಗಿತ್ತು. ಚಂದಾ ದುಡ್ಡನ್ನು ಇದಕ್ಕೆ ಹಾಕುವುದು ಸರಿಯೇ ಅಂತ ಸಭೆಯಲ್ಲಿ ಜೋರು ಮಾತಾಯಿತು. ಕೊನೆಗೆ ನಾವು ನಾಲ್ಕು ಜನ ಹಂಚಿಕೊಂಡು ಹಾಕಿದೆವು.

ಈಗ ದುಡ್ಡು ಎಲ್ಲೆಲ್ಲಿದೆ ಅನ್ನೋ ವಿಷಯಕ್ಕೆ ಬರುತ್ತೇನೆ. ಅಂಗಡಿಗೆ ಬರುವವರು ಇದನ್ನೇ ಕೇಳೋದು.

ಸಂಸದರ ನಿಧಿ ಎಲ್ಲರಿಗೂ ಗೊತ್ತು. 1993ರಲ್ಲಿ ಶುರುವಾದದ್ದು, ಈಗ ಒಬ್ಬ ಸಂಸದರಿಗೆ ವರ್ಷಕ್ಕೆ 5 ಕೋಟಿ. ಶಾಸಕರಿಗೂ ಅವರದೇ ಆದ ನಿಧಿ ಇದೆ. ಆದರೆ ಈ ದುಡ್ಡು ಬಾಳಿಕೆ ಬರುವ ಆಸ್ತಿಗೆ. ಕಟ್ಟಡ ಕಟ್ಟಿಸಬಹುದು, ಕೊಳವೆ ಬಾವಿ ಕೊರೆಸಬಹುದು. ಅಕ್ಕನ ಗೌರವಧನಕ್ಕೆ ಅದರಲ್ಲಿ ಜಾಗವಿಲ್ಲ. ನಾಟಕ, ಜಾನಪದ, ಸಂಗೀತ ಮಾಡುವ ಸಂಘಗಳಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯವಿದೆ. ಕೋಲ್ಕತ್ತದಲ್ಲಿ 1972ರಲ್ಲಿ ಆದ ರಾಜಾ ರಾಮಮೋಹನ್ ರಾಯ್ ಗ್ರಂಥಾಲಯ ಪ್ರತಿಷ್ಠಾನ ಗ್ರಂಥಾಲಯಗಳಿಗೆ ನೆರವು ಕೊಡುತ್ತದೆ. ನನ್ನ ಅಂಗಡಿಗೆ ಬರುವ ಕಲಾವಿದರಿಗೆ ನಾನು ಯಾವಾಗಲೂ ಹೇಳುವ ಹೆಸರು ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್. ಅಲ್ಲಿಗೆ ಕನ್ನಡದಲ್ಲೇ ಅರ್ಜಿ ಬರೆಯಬಹುದು. ಇದನ್ನು ಹೇಳಿದಾಗ ಒಬ್ಬ ತಮಟೆ ಕಲಾವಿದರ ಮುಖ ಅರಳಿದ್ದು ಇನ್ನೂ ಕಣ್ಣಲ್ಲಿದೆ. "ಹಂಗಾದ್ರೆ ನಾನೇ ಬರೀಬೋದಾ?" ಅಂದರು. ಯಾರ ಬಳಿಯೂ ಬರೆಸಬೇಕಾಗಿಲ್ಲ ಅಂದೆ. ಆಗ ನನಗೆ ಒಂದು ಗಿರಾಕಿ ಕಮ್ಮಿಯಾಯಿತು ಬಿಡಿ.

ನಮಗೆ ಒಗ್ಗಿದ್ದು ಸಿಎಸ್‌ಆರ್, ಅಂದರೆ ಕಂಪನಿಗಳು ತಮ್ಮ ಲಾಭದಲ್ಲಿ ಸಮಾಜಕ್ಕೆ ಅಂತ ಖರ್ಚು ಮಾಡುವ ದುಡ್ಡು. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಜನ ತಪ್ಪು ಬಾಗಿಲು ತಟ್ಟುತ್ತಾರೆ.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, 500 ಕೋಟಿ ನಿವ್ವಳ ಆಸ್ತಿ, ಅಥವಾ 1,000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದು ಇದ್ದರೂ ಆ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2 ಪರ್ಸೆಂಟ್ ಸಮಾಜಕ್ಕೆ ಖರ್ಚು ಮಾಡಬೇಕು. ಎಲ್ಲರ ಕಣ್ಣೂ ಆ ಸಾವಿರ ಕೋಟಿಯ ಮೇಲೆ ಬೀಳುತ್ತದೆ. ಬೆಂಗಳೂರಿನ ದೊಡ್ಡ ದೊಡ್ಡ ಕಂಪನಿಗಳಿಗೆ ಇಮೇಲ್ ಕಳಿಸುತ್ತಾರೆ. ನಾನೂ ಕಳಿಸಿದೆ. ಮೂವತ್ತೊಂದು ಇಮೇಲ್. ನಾಲ್ಕಕ್ಕೆ ಉತ್ತರ ಬಂತು, ಅದರಲ್ಲಿ ಮೂರು ಕಂಪ್ಯೂಟರ್ ತಾನೇ ಕಳಿಸಿದ ಉತ್ತರ. ದೊಡ್ಡವರಿಗೆ ಒಂದೂವರೆ ಲಕ್ಷದ ಸಂಘ ಬೇಡ. ಅಷ್ಟಕ್ಕೆ ಅವರ ಕಡೆಯವರು ಒಮ್ಮೆ ಬಂದು ನೋಡಿ ಹೋಗುವ ಖರ್ಚೇ ಹೆಚ್ಚು.

ನಾನು ಸರಿಯಾಗಿ ಓದದೇ ಬಿಟ್ಟಿದ್ದು ಆ 5 ಕೋಟಿಯನ್ನು. ಆರು ಕೋಟಿ ಲಾಭ ಮಾಡುವ ಒಂದು ಫ್ಯಾಕ್ಟರಿ ಇದೆ ಅಂತಿಟ್ಟುಕೊಳ್ಳಿ. ಅದರ 2 ಪರ್ಸೆಂಟ್ ಅಂದರೆ 12 ಲಕ್ಷ. ಸಿಎಸ್‌ಆರ್ ಮೊತ್ತ 50 ಲಕ್ಷದೊಳಗಿದ್ದರೆ ಅದಕ್ಕೆ ಪ್ರತ್ಯೇಕ ಕಮಿಟಿ ಬೇಡ, ನಿರ್ದೇಶಕರ ಮಂಡಳಿಯೇ ತೀರ್ಮಾನ ಮಾಡಬಹುದು. ಸಣ್ಣ ಕಂಪನಿಗಳಲ್ಲಿ ಮಂಡಳಿ ಅಂದರೆ ಎಷ್ಟೋ ಸಲ ಯಜಮಾನರು, ಅವರ ಮನೆಯವರು, ಇನ್ನೊಬ್ಬ ತಮ್ಮ. ಜೊತೆಗೆ, ಕಂಪನಿ ಇರುವ ಸುತ್ತಮುತ್ತಲ ಜಾಗಕ್ಕೆ ಆದ್ಯತೆ ಕೊಡಬೇಕು ಅಂತ ಅದೇ ಸೆಕ್ಷನ್ ಹೇಳುತ್ತದೆ. ನಮ್ಮ ಜಿಲ್ಲೆಯಲ್ಲಿ ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶ ಇಟ್ಟುಕೊಂಡು ನಾನು ಬೆಂಗಳೂರಿನ ಗಾಜಿನ ಕಟ್ಟಡಗಳ ಬಾಗಿಲು ಕಾಯುತ್ತಿದ್ದೆ. ಯಾವ ಕಂಪನಿ ಎಲ್ಲಿ ಎಷ್ಟು ಖರ್ಚು ಮಾಡಿತು ಅನ್ನೋ ಪಟ್ಟಿ ಸರ್ಕಾರದ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಬಹಿರಂಗವಾಗಿದೆ. ಒಂದು ಭಾನುವಾರ ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ಕೂತು ತೆಗೆದೆ. ಅದೂ ಒಂಥರಾ ಹಿಂದಿನ ಹಾಳೆ ತಿರುವುವುದೇ.

ಇಷ್ಟಾಗಿಯೂ ಬಾಗಿಲು ತೆರೆದದ್ದು ಪಟ್ಟಿಯಿಂದಲ್ಲ. ನಮ್ಮ ಸಂಘದ ಒಬ್ಬರ ಮಗ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್. ಅವನು ಹೋಗಿ ಅಕೌಂಟ್ಸ್‌ನವರಿಗೆ ಹೇಳಿದ. ಅವನೂ ಚಿಕ್ಕವನಿದ್ದಾಗ ಅಕ್ಕನ ಕೈಲಿ ಮಗ್ಗಿ ಕಲಿತವನೇ.

ಈ ನಡುವೆ ಒಬ್ಬರು ಬಂದಿದ್ದರು. ಬಿಳಿ ಕಾರು, ಕೈಯಲ್ಲಿ ಟ್ಯಾಬ್. "ಐವತ್ತು ಲಕ್ಷ ಮಾಡಿಸಿಕೊಡ್ತೀವಿ, ಹತ್ತು ಪರ್ಸೆಂಟ್ ಮೊದಲು" ಅಂದರು. ನಾವು ಹಿಂದೆ ಸರಿದಾಗ ಇನ್ನೊಂದು ದಾರಿ ತೋರಿಸಿದರು. ನಿಮ್ಮ ಖಾತೆಗೆ ಹತ್ತು ಲಕ್ಷ ಬರುತ್ತದೆ, ಆರು ಲಕ್ಷ ನಗದಾಗಿ ವಾಪಸ್ ಕೊಡಿ, ನಾಲ್ಕು ನಿಮ್ಮದು, ಬಿಲ್ಲು ನಾವೇ ತಂದುಕೊಡುತ್ತೇವೆ. ನಾಲ್ಕು ಲಕ್ಷ ಅಂದರೆ ನಮಗೆ ಎರಡೂವರೆ ವರ್ಷದ ಖರ್ಚು. ಸುಳ್ಳು ಯಾಕೆ ಹೇಳಲಿ, ಕೋಣೆಯಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, "ಅದನ್ನ ಕಂಬಕ್ಕೆ ಅಂಟಿಸೋಕೆ ಆಗುತ್ತಾ?" ಅಂತ ಕೇಳಿದರು. ಬಂದವರಿಗೆ ಯಾವ ಕಂಬ ಅಂತ ಗೊತ್ತಾಗಲಿಲ್ಲ.

ದೊಡ್ಡಪ್ಪನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ವಾಟ್ಸಾಪ್ ಗುಂಪಿನಲ್ಲಿ ನಮ್ಮ ಪಾಡು ಓದಿ, "ಅಣ್ಣಾ, ಐದು ಸಾವಿರ ಡಾಲರ್ ಕಳಿಸ್ತೀನಿ, ಅಕೌಂಟ್ ನಂಬರ್ ಹಾಕು" ಅಂದ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ, ಖುಷಿಗೆ. ಬೆಳಿಗ್ಗೆ ಆಡಿಟರ್ ಮೇಡಂಗೆ ಫೋನ್ ಮಾಡಿದೆ. "ಅವರ ಪಾಸ್‌ಪೋರ್ಟ್ ಯಾವುದು?" ಅಂತ ಕೇಳಿದರು. ಅವನು ಅಮೆರಿಕದ ಪೌರ ಆಗಿ ಆರು ವರ್ಷ ಆಗಿದೆ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದೆ. ಹಾಗಾದರೆ ಮುಟ್ಟಬೇಡಿ ಅಂದರು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ಅನಿವಾಸಿ ತನ್ನ ಉಳಿತಾಯದಿಂದ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಒಸಿಐ ಕಾರ್ಡಿನವರು ಕೊಟ್ಟರೆ ವಿದೇಶಿ ದೇಣಿಗೆ, ಅದನ್ನು ಪಡೆಯಲು ಎಫ್‌ಸಿಆರ್‌ಎ ಅನ್ನೋ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ ಬೇಕು. ಎಫ್‌ಸಿಆರ್‌ಎ ನೋಂದಣಿ ಬೇಕೆಂದರೆ ಸಂಘಕ್ಕೆ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ ಕನಿಷ್ಠ 15 ಲಕ್ಷ ಖರ್ಚು ಮಾಡಿರಬೇಕು. ನಮ್ಮ ಲೆಕ್ಕದಲ್ಲಿ ಅದು ಹತ್ತು ವರ್ಷದ ಖರ್ಚು. 2020ರ ತಿದ್ದುಪಡಿ ಆದಮೇಲೆ ಹಣ ಬರಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ ಮಾತ್ರ. ಎಫ್‌ಸಿಆರ್‌ಎ ಇರುವ ಬೇರೆ ಸಂಸ್ಥೆ ಪಡೆದು ನಮಗೆ ದಾಟಿಸುವ ಹಾಗೂ ಇಲ್ಲ, ಅದನ್ನೂ ಅದೇ ತಿದ್ದುಪಡಿ ನಿಲ್ಲಿಸಿತು.

ಇದನ್ನು ತಮ್ಮನಿಗೆ ಹೇಳುವುದು ಹೇಗೆ? "ನಾನು ಹುಟ್ಟಿದ ಊರಿಗೆ ನಾನು ವಿದೇಶಿಯಾ?" ಅಂದ. ನಾನು ಏನು ಹೇಳಲಿ. "ಹೋಗಲಿ, ಅಪ್ಪನ ಖಾತೆಗೆ ಹಾಕ್ತೀನಿ, ಅವರ ಕೈಲಿ ಕೊಡಿಸ್ತೀನಿ" ಅಂದ. ಬೇಡಪ್ಪ, ಸುತ್ತು ಹಾಕಿ ಬಂದರೂ ಅದು ನಿನ್ನದೇ ದುಡ್ಡು ಅಲ್ವಾ, ಅಂದೆ. ಒಂದು ವಾರ ಮಾತು ಬಿಟ್ಟಿದ್ದ. ಡಿಸೆಂಬರಿನಲ್ಲಿ ಊರಿಗೆ ಬಂದಾಗ ನಾಲ್ಕು ಸಂಜೆ ಮಕ್ಕಳ ಜೊತೆ ಕೂತು ಹೋದ. ಹಿಮ ಹೇಗಿರುತ್ತದೆ ಅಂತ ಕೇಳಿ ಕೇಳಿ ಅವನನ್ನು ಸುಸ್ತು ಮಾಡಿದವು.

ಫ್ಯಾಕ್ಟರಿಯವರು ಒಂದು ಫಾರಂ ಕಳಿಸಿದರು. ಇಂಗ್ಲಿಷಿನಲ್ಲಿತ್ತು. ಯಾರೋ ಕನ್ಸಲ್ಟೆಂಟ್ ಮಾಡಿಕೊಟ್ಟದ್ದಿರಬೇಕು, ಯಜಮಾನರಿಗೇ ಅದು ಅರ್ಥವಾಗಿರಲಿಕ್ಕಿಲ್ಲ. ಔಟ್‌ಪುಟ್ ಏನು, ಔಟ್‌ಕಮ್ ಏನು, ಇಂಪ್ಯಾಕ್ಟ್ ಏನು. ಮೂರಕ್ಕೂ ಬೇರೆ ಬೇರೆ ಕಲಂ. ನಾನು ಅಂತರ್ಜಾಲದಲ್ಲಿ ಹುಡುಕಿ ಚೆಂದದ ಇಂಗ್ಲಿಷಿನಲ್ಲಿ ಅರ್ಧ ಪುಟ ತುಂಬಿಸಿದೆ. ಓದಿದರೆ ಅದು ಬಿಹಾರದ ಸಂಘವೂ ಆಗಬಹುದು, ಬಾಗಲಕೋಟೆಯ ಸಂಘವೂ ಆಗಬಹುದು. ಅಳಿಸಿ, ಅಕ್ಕನನ್ನು ಅಂಗಡಿಗೆ ಕರೆಸಿ ಕೇಳಿದೆ.

"ಅಕ್ಕಾ, ಈ ಏಳೆಂಟು ವರ್ಷದಲ್ಲಿ ಏನು ಬದಲಾಯ್ತು?"

ಅಕ್ಕ ಸ್ವಲ್ಪ ಹೊತ್ತು ಜೆರಾಕ್ಸ್ ಮೆಷಿನ್ ನೋಡುತ್ತಾ ಕೂತಿದ್ದರು. "ಮೊದ್ಲು ಕೆಳಗಿನ ಬೀದಿ ಮಕ್ಳು ಬಾಗಿಲಲ್ಲೇ ನಿಂತಿರ್ತಿದ್ವು. ಬನ್ರೋ ಅಂದ್ರೂ ಒಳಗೆ ಬರ್ತಿರ್ಲಿಲ್ಲ. ಈಗ ನಾನು ಬೀಗ ತೆಗೆಯೋಕೆ ಮೊದ್ಲೇ ಬಂದು ಕೂತಿರ್ತವೆ. ಪುಸ್ತಕಕ್ಕೆ ಕಿತ್ತಾಡ್ತವೆ."

"ಇನ್ನೇನಕ್ಕಾ?"

"ಒಂದು ಹುಡುಗಿ ಅವ್ರಪ್ಪಂಗೆ ಬ್ಯಾಂಕಿನ ನೋಟಿಸ್ ಓದಿ ಹೇಳಿದ್ಲಂತೆ. ಏಳನೇ ಕ್ಲಾಸು. ಅವ್ರಪ್ಪ ಬಂದು ನಂಗೆ ಎರಡು ಹಲಸಿನ ಹಣ್ಣು ಕೊಟ್ಟೋದ."

ಅದನ್ನೇ ಬರೆದೆ. ಇಂಗ್ಲಿಷಿನಲ್ಲಿ ಬರೆಯಬೇಕಾಯಿತು, ಆದರೆ ಹಲಸಿನ ಹಣ್ಣನ್ನು ಬಿಡಲಿಲ್ಲ. ಕೆಳಗಿನ ಬೀದಿ ಅಂದರೇನು ಅಂತ ಕೇಳಿದರೆ ಹೇಳೋಣ ಅಂದುಕೊಂಡೆ. ಕೇಳಲಿಲ್ಲ. ಅದು ಅವರಿಗೂ ಗೊತ್ತು.

ಅವರು ಕೇಳಿದ್ದು ಬೇರೆ. "ನಿಮ್ಮ ಪಂಚಾಯ್ತಿಯಲ್ಲಿ ಅರಿವು ಕೇಂದ್ರ ಇದೆಯಲ್ವಾ, ನೀವ್ಯಾಕೆ ಬೇಕು?" ಒಳ್ಳೆಯ ಪ್ರಶ್ನೆ. ಹಳ್ಳಿಯ ಗ್ರಂಥಾಲಯಗಳನ್ನು ಗ್ರಾಮ ಪಂಚಾಯ್ತಿಗಳಿಗೆ ವಹಿಸಿ, ಅರಿವು ಕೇಂದ್ರ ಅಂತ ಹೆಸರಿಟ್ಟ ಮೇಲೆ ಎಷ್ಟೋ ಕಡೆ ಅವು ಚೆನ್ನಾಗಿ ಆಗಿವೆ. ನಮ್ಮದು ಪಂಚಾಯ್ತಿಯ ಕೇಂದ್ರದಿಂದ ಎರಡೂವರೆ ಕಿಲೋಮೀಟರ್, ನಡುವೆ ಹೆದ್ದಾರಿ. ಸಂಜೆ ಆರರ ಮೇಲೆ ಯಾವ ತಾಯಿ ಮಗುವನ್ನು ಆ ರಸ್ತೆ ದಾಟಿಸುತ್ತಾಳೆ? ಅಷ್ಟೇ ಉತ್ತರ. ಈ ಪ್ರಶ್ನೆಯನ್ನು ನಾವು ಏಳು ವರ್ಷದಲ್ಲಿ ನಮಗೆ ನಾವೇ ಕೇಳಿಕೊಂಡಿರಲಿಲ್ಲ. ಹೊರಗಿನವರು ಕೇಳಿದ್ದು ಒಳ್ಳೆಯದಾಯಿತು.

ಜಗಳ ಬಂದದ್ದು ಬಜೆಟ್ಟಿನಲ್ಲಿ. ಪುಸ್ತಕ, ಕಪಾಟು, ಇನ್ವರ್ಟರ್, ಫ್ಯಾನು ಎಲ್ಲಕ್ಕೂ ಸೈ. ಅಕ್ಕನ ಗೌರವಧನಕ್ಕೆ ಗೆರೆ ಹೊಡೆದಿದ್ದರು. ಬಾಡಿಗೆಗೂ. "ಅಡ್ಮಿನ್ ಖರ್ಚು 5 ಪರ್ಸೆಂಟ್ ದಾಟಬಾರದು, ರೂಲ್ಸ್ ಇದೆ" ಅಂದರು ಅಕೌಂಟ್ಸ್‌ನವರು. ಇದು ಎಲ್ಲ ಕಡೆ ಹಬ್ಬಿರುವ ತಪ್ಪು ತಿಳುವಳಿಕೆ. ನಿಯಮದಲ್ಲಿ ಹೇಳಿರುವ ಆ 5 ಪರ್ಸೆಂಟ್ ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ. ಕೆಲಸ ಮಾಡುವ ಸಂಘದ ಖರ್ಚಿಗೆ ಅಲ್ಲ. ಮಕ್ಕಳಿಗೆ ಓದಿಸುವ ಅಕ್ಕನ ದುಡ್ಡು ಅಡ್ಮಿನ್ ಹೇಗಾಗುತ್ತದೆ? ಅವರಿಲ್ಲದಿದ್ದರೆ ಉಳಿಯುವುದು ಕಪಾಟು ಮಾತ್ರ.

ಕಪಾಟು ಮಾತ್ರ ಉಳಿದದ್ದನ್ನು ನಾನು ಕಂಡಿದ್ದೇನೆ. ಪಕ್ಕದ ಹೋಬಳಿಯ ಒಂದು ಮಹಿಳಾ ಸಂಘಕ್ಕೆ ಯಾವುದೋ ಕಂಪನಿ ಐದು ಕಂಪ್ಯೂಟರ್ ಕೊಟ್ಟಿತ್ತು. ರಿಬ್ಬನ್ ಕಟ್ಟಿ ಉದ್ಘಾಟನೆ ಆಯಿತು, ಪೇಪರಿನಲ್ಲಿ ಫೋಟೋ ಬಂತು. ಕಲಿಸುವವರಿಗೆ ದುಡ್ಡಿಲ್ಲ, ಕರೆಂಟ್ ಬಿಲ್ಲಿಗೆ ದುಡ್ಡಿಲ್ಲ. ಅರ್ಜಿ ಕೆಲಸಕ್ಕೆ ಅಲ್ಲಿಗೆ ಹೋದಾಗ ನೋಡಿದೆ. ಐದಕ್ಕೂ ಹಳೇ ಸೀರೆ ಹೊದಿಸಿ, ಮೇಲೆ ಅರಿಶಿನ ಕುಂಕುಮ ಹಚ್ಚಿದ್ದರು. ಆಯುಧಪೂಜೆಗೆ ವರ್ಷಕ್ಕೊಮ್ಮೆ ಸೀರೆ ತೆಗೆಯುತ್ತಾರಂತೆ. ದಾನಿಯ ಹೆಸರಿನ ಬೋರ್ಡಿಗೂ ಅವತ್ತೇ ಹಾರ.

ಈ ಕಥೆಯನ್ನು ಫ್ಯಾಕ್ಟರಿಯ ಯಜಮಾನರಿಗೆ ಹೇಳಿದೆ. ಅವರು ಓದುವ ಮನೆ ನೋಡಲು ಒಂದು ಸಂಜೆ ತಾವೇ ಬಂದಿದ್ದರು. ಬೂಟು ಬಿಚ್ಚಿ ಒಳಗೆ ಬಂದು, ಮಕ್ಕಳ ನಡುವೆ ಚಾಪೆಯ ಮೇಲೆ ಕೂತರು. ಕಡಲೆಕಾಯಿ ಬೆಲ್ಲ ಅವರಿಗೂ ಒಂದು ಹಿಡಿ ಕೊಟ್ಟೆವು. ತಿಂದರು. "ನಮ್ಮಜ್ಜ ಸಿದ್ಧಗಂಗೆಗೆ ಪ್ರತಿ ಸುಗ್ಗೀಲೂ ರಾಗಿ ಕಳಿಸ್ತಿದ್ರು. ಅಡುಗೆಯವರಿಗೆ ಕೊಡಬೇಡಿ, ಪಾತ್ರೆಗೆ ಮಾತ್ರ ಅಂತ ಯಾವತ್ತೂ ಹೇಳಿರಲಿಲ್ಲ" ಅಂದರು. ನಾನು ಮನಸ್ಸಿನಲ್ಲೇ, ಇದನ್ನು ನಿಮ್ಮ ಅಕೌಂಟ್ಸ್‌ನವರಿಗೆ ಹೇಳಿ ಸ್ವಾಮಿ, ಅಂದುಕೊಂಡೆ.

ಆಮೇಲೆ ಎರಡು ತಿಂಗಳು ಸುದ್ದಿಯಿಲ್ಲ. ಮುಗಿಯಿತು ಅಂದುಕೊಂಡೆವು. ಫೆಬ್ರವರಿ ಕೊನೆಯಲ್ಲಿ ಫೋನ್ ಬಂತು. ನಾಳೆಯೊಳಗೆ ಎಲ್ಲ ಕಾಗದ ಬೇಕು. ಆ ವರ್ಷದ ಸಿಎಸ್‌ಆರ್ ಹಣ ಮಾರ್ಚ್ 31ರೊಳಗೆ ಖರ್ಚಾಗದೆ ಉಳಿದರೆ, ನಡೆಯುತ್ತಿರುವ ಯೋಜನೆಗೆ ಸೇರಿದ್ದಲ್ಲದಿದ್ದರೆ, ಅದನ್ನು ಸರ್ಕಾರ ಹೇಳಿದ ನಿಧಿಗೆ ಕಟ್ಟಬೇಕು. ಹಾಗಾಗಿ ಫೆಬ್ರವರಿ, ಮಾರ್ಚ್ ಬಂತೆಂದರೆ ಎಲ್ಲ ಕಂಪನಿಗಳಿಗೂ ಎಲ್ಲಿಲ್ಲದ ಅವಸರ. ಅಂಗಡಿಗೆ ಬರುವವರಿಗೆ ನಾನೀಗ ಹೇಳುವುದು ಇಷ್ಟೇ. ಸಂಕ್ರಾಂತಿ ಎಳ್ಳು ಬೀರುವ ಹೊತ್ತಿಗೆ ನಿಮ್ಮ ಫೈಲ್ ರೆಡಿ ಇರಲಿ. ನೋಂದಣಿ ಪತ್ರ, ಬೈಲಾ, ಪ್ಯಾನ್, 12ಎ, 80ಜಿ, ಮೂರು ವರ್ಷದ ಆಡಿಟ್, ಸಂಘಗಳು ಹೆಸರು ದಾಖಲಿಸುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನ ನಂಬರ್, ಸಿಎಸ್‌ಆರ್-1 ನಂಬರ್. ಕೊನೆಯದನ್ನು ಮರೆಯುವವರೇ ಜಾಸ್ತಿ. ಕಂಪನಿಯ ಸಿಎಸ್‌ಆರ್ ಕೆಲಸ ಮಾಡುವ ಸಂಘ 2021ರ ಏಪ್ರಿಲ್‌ನಿಂದ ಅದನ್ನು ಪಡೆಯಲೇಬೇಕು. ನಮ್ಮ ಫೈಲ್ ರೆಡಿ ಇತ್ತು. ಹದಿನಾಲ್ಕು ತಿಂಗಳು ಮಣ್ಣು ಹೊತ್ತದ್ದು ಅವತ್ತು ಕೆಲಸಕ್ಕೆ ಬಂತು.

3 ಲಕ್ಷ ಬಂತು. ಒಂದು ವರ್ಷಕ್ಕೆ. ಅದರಲ್ಲಿ ಅಕ್ಕನಿಗೆ ತಿಂಗಳಿಗೆ 9,000. ಬಾಡಿಗೆಗೆ ಕೊನೆಗೂ ಒಪ್ಪಲಿಲ್ಲ. ಅದನ್ನು ಚಂದಾದಲ್ಲೇ ಕಟ್ಟಿಕೊಳ್ಳಿ ಅಂದರು.

ಅಕೌಂಟ್ಸ್‌ನವರಿಗೆ ರಸೀದಿ ಬೇಕಿತ್ತು. ನಮ್ಮಲ್ಲಿದ್ದದ್ದು ಗುಲಾಬಿ ಪುಸ್ತಕ. ಅದರಲ್ಲೇ ಬರೆದೆ. 88ನೇ ನಂಬರ್ ಸೈಕಲ್ ಶಾಪಿನವರದು, 101 ರೂಪಾಯಿ. 89ನೇ ನಂಬರ್ ಫ್ಯಾಕ್ಟರಿಯದು. ಮೂರು ಲಕ್ಷ ರೂಪಾಯಿಗಳು ಮಾತ್ರ ಅಂತ ಅಕ್ಷರದಲ್ಲಿ ಬರೆಯಲು ಇದ್ದ ಗೆರೆ ಸಾಲದೆ ಪಕ್ಕಕ್ಕೆ ಹತ್ತಿಸಿದೆ. ಹರಿದು ಕೊಟ್ಟೆ. ಅವರು ಫೋಟೋ ತೆಗೆದುಕೊಂಡರು.

ಮುಂದಿನ ಭಾನುವಾರ ಅಕ್ಕ ಮತ್ತು ನಾನು ಬಾಡಿಗೆಗೆ ಅಂತ ಪುಸ್ತಕ ಹಿಡಿದು ಹೊರಟೆವು. ಮೊದಲ ಮನೆ ಸೊಸೈಟಿ ಗೌಡರದು. ಗೌಡರು ಕೂರಿಸಿ ಕಾಫಿ ಕೊಟ್ಟರು. ಪುಸ್ತಕ ಇಸಿದುಕೊಂಡು ಎಂದಿನಂತೆ ಹಿಂದಿನ ಹಾಳೆ ತಿರುವಿದರು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದರು. "ಓ, ಕಂಪ್ನಿಯೋರು ಹಿಡ್ಕೊಂಡ್ರು ಅನ್ನು" ಅಂದರು. ಸಂತೋಷವಾಗಿಯೇ ಅಂದರು. ಪುಸ್ತಕ ಮುಚ್ಚಿ ನನ್ನ ಕೈಗೇ ಕೊಟ್ಟರು. "ಮೂರು ಲಕ್ಷದ ಮುಂದೆ ನಮ್ಮ ನೂರೊಂದು ಯಾಕ್ ಬೇಕಪ್ಪ. ಚೆನ್ನಾಗಾಯ್ತು ಬಿಡು." ಬಾಡಿಗೆಗೆ ಅವರು ಕೊಡುವುದಿಲ್ಲ, ಒಂದೇ ವರ್ಷಕ್ಕೆ ಕೊಟ್ಟಿರೋದು ಅಂತ ವಿವರಿಸಿದೆ. ಗೌಡರು ತಲೆಯಾಡಿಸಿದರು. ಎರಡನೇ ಮನೆಯಲ್ಲೂ ಹಾಗೇ ಆಯಿತು. ಮೂರನೇ ಮನೆಯವರು 500 ಕೊಡುವವರು, 50 ಬರೆಸಿದರು.

ನಾಲ್ಕನೇ ಮನೆಗೆ ಅಕ್ಕ ಬರಲಿಲ್ಲ. "ಆ ಪುಸ್ತಕ ಇಲ್ಲಿ ಕೊಡಿ" ಅಂತ ನನ್ನ ಕೈಯಿಂದ ತಗೊಂಡು ಬ್ಯಾಗಿಗೆ ಹಾಕಿಕೊಂಡರು. ಅಂಗಡಿಗೆ ವಾಪಸ್ ಬಂದು, ಪ್ರೆಸ್ಸಿನಿಂದ ಬಂದ ಹೊಸ ಪುಸ್ತಕದ ಕಟ್ಟು ಬಿಚ್ಚಿಸಿದರು. ಹಳೇದರಲ್ಲಿ ಇನ್ನೂ ಒಂಬತ್ತು ಹಾಳೆ ಖಾಲಿ ಇದ್ದವು. ಆಡಿಟರ್ ಮೇಡಂ ಬೈತಾರೆ ಅಂತ ನಾನು ಒಂಬತ್ತಕ್ಕೂ ಅಡ್ಡ ಗೆರೆ ಎಳೆದು, ರದ್ದು ಅಂತ ಬರೆದು ಸಹಿ ಹಾಕಿದೆ. ಅಷ್ಟರಲ್ಲಿ ಅಕ್ಕ ಹೊಸ ಪುಸ್ತಕ ಹಿಡಿದು ಬಸ್‌ಸ್ಟ್ಯಾಂಡ್ ಕಡೆ ಹೊರಟಿದ್ದರು. ಅಜ್ಜಿ ಹೂ ಕಟ್ಟುವುದು ಮುಗಿಸಿ ಎದ್ದು ಹೋಗುವ ಹೊತ್ತಾಗಿತ್ತು.